ಗುಡ್ಡ ಹತ್ತಿದವರು, ಭರತ ನೋಡದವರು

ಶುಕ್ರವಾರ ಸಂಜೆ ಮೊಬೈಲಿಗೆ ಬಂದು ಬೀಳುವ ಸಂದೇಶದ ಒಕ್ಕಣೆ ಕಾರವಾರದಲ್ಲೂ ಅಂಕೋಲೆಯಲ್ಲೂ ಹೆಚ್ಚುಕಡಿಮೆ ಒಂದೇ. ಭಾನುವಾರ ಬೆಳಿಗ್ಗೆ ಆರಕ್ಕೆ ಇಂಥಲ್ಲಿ ಸೇರುವುದು, ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಶೂ, ತಿಂಡಿ ನಮ್ಮದು, ಶುಲ್ಕ ಇಷ್ಟು, ಮಧ್ಯಾಹ್ನ ಎರಡರೊಳಗೆ ವಾಪಸ್. ಕೆಳಗೊಂದು ಸೂರ್ಯೋದಯದ ಚಿತ್ರ. ಬೆಂಗಳೂರಿನಿಂದ ಸ್ಕಂದಗಿರಿಗೆ ಹೊರಟವರಿಗೂ ಇದನ್ನೇ ಕಳಿಸಬಹುದು. ಪಕ್ಕದಲ್ಲೇ ಕಡಲಿದೆ ಎಂಬುದಕ್ಕೆ ಅದರಲ್ಲಿ ಗುರುತೇ ಇಲ್ಲ. ಅವತ್ತು ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂಬ ಒಂದು ಸಾಲನ್ನು ಯಾರೂ ಬರೆಯುವುದಿಲ್ಲ. ಈ ಗುಂಪು ಚಾರಣಗಳ ಬಗ್ಗೆ ನನ್ನ ತಕರಾರೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಆ ಇಲ್ಲದ ಸಾಲಿನಲ್ಲೇ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಕಾರವಾರ ವರ್ಗಾವಣೆಯ ಊರು. ಜಿಲ್ಲಾ ಕಚೇರಿಗಳು, ಕೈಗಾದ ಅಣುಸ್ಥಾವರ, ನೌಕಾನೆಲೆ, ಮೆಡಿಕಲ್ ಕಾಲೇಜು ಎಂದು ಎಲ್ಲೆಲ್ಲಿಂದಲೋ ಬಂದವರು ಕೆಲವು ವರ್ಷ ಇದ್ದು ಪೆಟ್ಟಿಗೆ ಕಟ್ಟುತ್ತಾರೆ. ಇವರೂ ಊರವರೂ ಒಟ್ಟಿಗೆ ಸೇರುವ ಜಾಗಗಳು ಕಡಿಮೆ. ಭಾನುವಾರದ ಗುಂಪಿನಲ್ಲಿ ಮಾತ್ರ ಆಂಧ್ರದ ಇಂಜಿನಿಯರ್, ನಿವೃತ್ತ ಮಾಸ್ತರು, ಬ್ಯಾಂಕಿನ ಅಕ್ಕ, ಒಬ್ಬಳೇ ಕಾಡಿಗೆ ಹೋಗುತ್ತೇನೆಂದರೆ ಮನೆಯಲ್ಲಿ ಬಿಡದ ಕಾಲೇಜು ಹುಡುಗಿ, ಎಲ್ಲರೂ ಒಂದೇ ಸಾಲಿನಲ್ಲಿ ಒಬ್ಬರ ಬೆನ್ನು ಒಬ್ಬರು ನೋಡುತ್ತ ನಡೆಯುತ್ತಾರೆ. ಏದುಸಿರು ಬಿಡುವಾಗ ಹುದ್ದೆಯ ಮಾತು ಬರುವುದಿಲ್ಲ. ಇದು ಸಣ್ಣ ಲಾಭವಲ್ಲ. ಹಿತ್ತಿಲಾಚೆಯ ಗುಡ್ಡವನ್ನು ಜನ್ಮದಲ್ಲಿ ಹತ್ತದಿದ್ದ ಊರವರನ್ನೂ ಹತ್ತಿಸಿದ ಕೀರ್ತಿ ಈ ಗುಂಪುಗಳದು.

ಆದರೆ ಹತ್ತಿಸಿ ತೋರಿಸುವುದು ಏನನ್ನು? ಕಾರವಾರದ ಬೆನ್ನಿಗಿರುವ ಗುಡ್ಡೆಹಳ್ಳಿಯನ್ನೇ ತೆಗೆದುಕೊಳ್ಳಿ. ಚಾರಣದವರ ಬಾಯಲ್ಲಿ ಅದು ‘ಪೀಕ್’. ಹಬ್ಬುವಾಡದ ಕಡೆಯಿಂದ ಕಾಡಿನ ದಾರಿ ಹಿಡಿದು ಏರಿದರೆ ಮೇಲೆ ಕಾಳಿ ಅಳಿವೆ, ಬಂದರು, ದೇವಗಡ, ಕೂರ್ಮಗಡ ನಡುಗಡ್ಡೆಗಳು ಎಲ್ಲ ಒಂದೇ ನೋಟದಲ್ಲಿ. ನೋಟ ಚೆಲುವಿನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರೇ ಹೇಳುವ ಹಾಗೆ ಅಲ್ಲೊಂದು ಹಳ್ಳಿಯಿದೆ. ಹಾಲಕ್ಕಿ ಒಕ್ಕಲಿಗರ ಮನೆಗಳಿವೆ. ನಾವು ‘ಮಾಡರೇಟ್ ಗ್ರೇಡ್’ ಎಂದು ಕರೆಯುವ ದಾರಿಯಲ್ಲಿ ಅವರು ರೇಶನ್ ಹೊತ್ತು ಹತ್ತುತ್ತಾರೆ. ನೆಟ್ಟಗಿನ ರಸ್ತೆಯಿಲ್ಲದೆ ಕಾಯಿಲೆಯವರನ್ನು ಜೋಲಿಯಲ್ಲಿ ಹೊತ್ತು ಇಳಿಸಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗುಂಪಿನ ಫೋಟೋಗಳಲ್ಲಿ ಈ ಮನೆಗಳು ಕಾಣುವುದಿಲ್ಲ. ಕಂಡರೂ ಹುಲ್ಲಿನ ಬಣವೆಯ ಪಕ್ಕ ನಿಂತ ಅಜ್ಜಿಯ ಕುತ್ತಿಗೆಯ ಮಣಿಸರದ ಕ್ಲೋಸಪ್ಪಾಗಿ ಕಾಣುತ್ತವೆ. ‘ಕಾಡು ಕೈಬೀಸಿ ಕರೆಯುತ್ತಿದೆ’ ಎಂದು ಅಡಿಬರಹ ಬೇರೆ. ಕಾಡು ಯಾರನ್ನೂ ಕರೆದಿಲ್ಲ, ಅಲ್ಲಿನವರು ರಸ್ತೆ ಬೇಕೆಂದು ಕರೆಯುತ್ತಿದ್ದಾರೆ.

ಈ ಕುರುಡು ಇವತ್ತಿನದೇನೂ ಅಲ್ಲ. ಕಾರವಾರದ ಗುಂಪು ವಿಹಾರಗಳಲ್ಲಿ ಬರಹಕ್ಕಿಳಿದು ಉಳಿದ ಹಳೆಯದೊಂದು ರವೀಂದ್ರನಾಥ ಟ್ಯಾಗೋರರದು. ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ಇಪ್ಪತ್ತೆರಡರ ತರುಣ ಕೆಲವು ಕಾಲ ಬಂದು ಉಳಿದಿದ್ದರು. ಒಂದು ಸಂಜೆ ಮನೆಮಂದಿಯೊಂದಿಗೆ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದದ್ದು, ಶಿವಾಜಿಯದೆಂಬ ಗಿರಿದುರ್ಗ ನೋಡಿದ್ದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಬೆಳದಿಂಗಳು ಬಿದ್ದ ಕಡೆ ಕೂತು ಕಟ್ಟಿಕೊಂಡು ಹೋದ ಬುತ್ತಿ ಉಂಡದ್ದು, ಮರಳುವಾಗ ದೋಣಿಯನ್ನು ಹರಿವಿಗೆ ಬಿಟ್ಟು ಅಳಿವೆಯ ಬಳಿ ಇಳಿದು ಮರಳ ಮೇಲೆ ನಡೆದೇ ಮನೆ ಸೇರಿದ್ದು ‘ಜೀವನಸ್ಮೃತಿ’ಯಲ್ಲಿದೆ. ವಿಹಾರದ ಕಟ್ಟಣೆಯಾಗಿ ಇದು ಇವತ್ತಿನ ಬಹಳಷ್ಟು ಟ್ರೆಕ್‌ಗಳಿಗಿಂತ ಮೇಲು. ನದಿ, ಕೋಟೆ, ಊಟ, ದಂಡೆ ನಾಲ್ಕೂ ಒಂದೇ ಸುತ್ತಿನಲ್ಲಿ ಬಂದವು. ಯಾವುದನ್ನು ಹಿಡಿದು ಯಾವುದನ್ನು ಬಿಡಬೇಕೆಂದು ಹೇಳಿದ್ದು ನೀರಿನ ಹರಿವು, ಗಡಿಯಾರವಲ್ಲ. ಹಾಗೆಂದು ಪೂರ್ಣ ಅಂಕ ಕೊಡಲಾರೆ. ಕವಿಗೆ ಅಂಗಳ ನೆನಪಿದೆ, ಅಂಗಳದ ಒಡೆಯ ನೆನಪಿಲ್ಲ. ಆ ರೈತ ಏನು ಬೆಳೆಯುತ್ತಿದ್ದ, ರಾತ್ರಿ ಹೊತ್ತು ಜಡ್ಜ್ ಸಾಹೇಬರ ಕಡೆಯವರು ಅಂಗಳಕ್ಕಿಳಿದಾಗ ಏನಂದ ಎಂಬುದೆಲ್ಲ ಬೆಳದಿಂಗಳಲ್ಲಿ ಮುಳುಗಿಹೋಗಿದೆ. ಗುಡ್ಡೆಹಳ್ಳಿಯ ಫೋಟೋಗಳಿಗೆ ಇದಕ್ಕಿಂತ ದೊಡ್ಡ ಪೂರ್ವಜ ಬೇಕಿಲ್ಲ.

ಟ್ಯಾಗೋರರ ವಿಹಾರದಲ್ಲಿ ಸರಿಯಿದ್ದದ್ದು ನೀರಿನ ಲೆಕ್ಕ. ನಮ್ಮ ಕ್ಲಬ್ಬುಗಳು ಬಿಟ್ಟಿರುವುದೂ ಅದನ್ನೇ. ಗುಡ್ಡ ರಾಜ್ಯದ ಎಲ್ಲ ಮೂಲೆಯಲ್ಲೂ ಇದೆ. ಸಹ್ಯಾದ್ರಿ ಕಡಲಿಗೆ ಇಷ್ಟು ಹತ್ತಿರ ಬಂದು, ಬಂಡೆಯ ಮೂಗು ಚಾಚಿ, ನಡುವೆ ಅರ್ಧಚಂದ್ರದಂಥ ದಂಡೆಗಳನ್ನು ಬಿಟ್ಟುಕೊಟ್ಟ ಕರಾವಳಿ ಎಲ್ಲ ಕಡೆ ಇಲ್ಲ. ಇಲ್ಲಿ ನಡೆಯುವ ಕಲೆಯೆಂದರೆ ದಂಡೆಯಿಂದ ದಂಡೆಗೆ, ಮೂಗಿನ ಬುಡದ ಬಂಡೆ ಬಳಸಿ ಅಥವಾ ಮೇಲಿನ ಕಾಲುದಾರಿ ಹತ್ತಿಳಿದು ದಾಟುವ ಕಲೆ. ಮಾಜಾಳಿಯಿಂದ ಗುಡ್ಡ ದಾಟಿ ತಿಳಮಾತಿಗೆ ಹೋಗುವ ದಾರಿ ಇದಕ್ಕೆ ಪಾಠದಂತಿದೆ: ಆಚೆ ಇಳಿದರೆ ಎಳ್ಳಿನ ಹಾಗೆ ಕಪ್ಪಗಿನ ದಪ್ಪ ಮರಳು, ಮುಂದೆ ಗೋವೆಯ ಪೋಳೆಂ. ಅಲ್ಲಿ ಕಾಲಿಡಲು ಸಿಗುವ ಜಾಗ ಬೆಳಗಿನದೇ ಸಂಜೆಗೆ ಇರುವುದಿಲ್ಲ. ನೀರು ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುತ್ತದೆ, ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಎರಡು ಮೀಟರಿನ ಸುಮಾರಿಗೆ ಬರುತ್ತದೆ, ಅಷ್ಟಮಿಯ ಹೊತ್ತಿಗೆ ತಗ್ಗುತ್ತದೆ. ಎರಡು ಮೀಟರು ಎಂದರೆ ನಗಬಹುದು. ಇಳಿಜಾರು ಕಡಿಮೆಯಿರುವ ದಂಡೆಯಲ್ಲಿ ಅದು ನಡೆಯುವ ಮೈದಾನವನ್ನೇ ನುಂಗುವಷ್ಟು.

ಇದು ಗೂಢವಿದ್ಯೆಯೇನಲ್ಲ. ಕಾಳಿ ಅಳಿವೆಯಲ್ಲಿ ಬೆಳಚು ಚಿಪ್ಪು ಹೆಕ್ಕುವ ಹೆಂಗಸರಿಗೆ ತಿಥಿ ಹೇಳಿದರೆ ಸಾಕು, ಎಷ್ಟು ಹೊತ್ತಿಗೆ ಬುಟ್ಟಿ ಹಿಡಿದು ಹೊರಡಬೇಕೆಂದು ಹೇಳುತ್ತಾರೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಅಲ್ಲಿನ ಹುಡುಗರು ಇಳಿತ ನೋಡಿಕೊಂಡೇ ಬಂಡೆಗಳ ಕಡೆ ಹೊರಡುತ್ತಾರೆ, ಹೊಂಡಗಳಲ್ಲಿ ಕಡಲಹೂವು, ಬಸವನಹುಳು, ಬಂಡೆಗಂಟಿದ ಕಲ್ವ ನೋಡುತ್ತಾರೆ. ಇಂಥ ಇಬ್ಬರು ಗುರುಗಳು ಊರಲ್ಲೇ ಇರುವಾಗ ಚಾರಣದ ಗುಂಪು ಭಾನುವಾರ ಬೆಳಿಗ್ಗೆ ಆರಕ್ಕೇ ಏಕೆ ಹೊರಡಬೇಕು? ಕ್ಯಾಲೆಂಡರು ಭಾನುವಾರ ಎಂದಿದೆ ಅಂತ. ಗುಡ್ಡಕ್ಕೆ ಭಾನುವಾರ ಸಾಕು. ದಂಡೆಗೆ ಪಂಚಾಂಗವೂ ಬೇಕು.

ದಂಡೆ ನಡಿಗೆ ಇಲ್ಲಿ ಬೆಳೆಯದಿರುವುದಕ್ಕೆ ಇನ್ನೊಂದು ಕಾರಣವಿದೆ, ಅದಕ್ಕೆ ಕ್ಲಬ್ಬುಗಳನ್ನು ದೂರುವಂತಿಲ್ಲ. ಕಾರವಾರದಿಂದ ಅಂಕೋಲೆಗೆ ಕಡಲ ಬದಿಯಲ್ಲೇ ನಡೆದು ಹೋಗುವುದು ಈಗ ಆಗದ ಮಾತು. ಬಿಣಗಾದ ದಕ್ಷಿಣಕ್ಕೆ ಅರ್ಗಾ, ಅಮದಳ್ಳಿ ಹಾದು ಹಾರವಾಡದ ಕಡೆಗಿನ ದಂಡೆಯ ಬಹುಪಾಲು ನೌಕಾಪಡೆಯ ಬೇಲಿಯೊಳಗಿದೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿತು. ನಡುವಿನ ವರ್ಷಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ಮರಳು ಬಿಟ್ಟು ಎದ್ದವು. ಆ ಹಳ್ಳಿಗಳವರಿಗೆ ದಂಡೆ ವಿಹಾರದ ಜಾಗವಾಗಿರಲಿಲ್ಲ, ಓಣಿಯಾಗಿತ್ತು. ಹಾಗಾಗಿ ಉಳಿದ ತುಂಡುಗಳ ಬೆಲೆ ಹೆಚ್ಚು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗಾಗಿ ಟ್ಯಾಗೋರ್ ಕಡಲತೀರಕ್ಕೆ ಕೈಹಾಕಿದಾಗ ಮೀನುಗಾರರೊಂದಿಗೆ ಇಡೀ ಕಾರವಾರ ಬೀದಿಗಿಳಿದದ್ದು ಅದಕ್ಕೇ.

ಸುರಕ್ಷತೆಯ ವಿಷಯದಲ್ಲಿ ಗುಂಪು ಎಂಬುದೇ ಒಂದು ಭ್ರಮೆ ಹುಟ್ಟಿಸುತ್ತದೆ. ಹತ್ತು ಮಂದಿ ಇದ್ದೇವೆ, ಏನಾದೀತು ಎಂಬ ಭ್ರಮೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯ ಜನರಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತಾಗ ಅದರಲ್ಲಿದ್ದವರು ಒಂಟಿಗರಲ್ಲ, ಮನೆಮಂದಿಯ ಗುಂಪುಗಳು. ದೋಣಿ ತುಂಬಿ ತುಳುಕುತ್ತಿತ್ತು, ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇರಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಚೆಂಡಿಯಾದ ನಾಗರಮಡಿ ಜಲಪಾತದಲ್ಲಿ ಗೋವೆಯಿಂದ ಬಂದ ಗುಂಪನ್ನು ಇದ್ದಕ್ಕಿದ್ದಂತೆ ಏರಿದ ನೀರು ಕೊಚ್ಚಿಕೊಂಡು ಹೋಯಿತು. ಕೆಳಗೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಹಳ್ಳದಲ್ಲಿ ಇಳಿದು ಬರುತ್ತದೆಂದು ಹೇಳಲು ಊರಿನವನೊಬ್ಬ ಸಾಕಿತ್ತು. ಒಳ್ಳೆಯ ಗುಂಪಿಗೂ ಕೆಟ್ಟ ಗುಂಪಿಗೂ ನಾನು ಇಡುವ ಗೆರೆ ಇದೇ: ಲೀಡರ್ ‘ಇವತ್ತು ಬೇಡ, ತಿರುಗಿ’ ಅಂದರೆ ಶುಲ್ಕ ಕೊಟ್ಟವರು ತಿರುಗುತ್ತಾರೆಯೇ? ಹಣ ವಾಪಸ್ ಕೇಳುವವರ ಗುಂಪಿನಲ್ಲಿ ಲೀಡರ್ ಎಂಬವನು ಬರೀ ಬಸ್ ಕಂಡಕ್ಟರ್.

ಸರ್ಕಾರದ ಉತ್ತರ ತಲೆ ಎಣಿಕೆ. 2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಜಾತ್ರೆಯಂತೆ ಜನ ಸೇರಿದ ವಿಡಿಯೋ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ತಡೆಹಿಡಿದು, ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ನೂಕುನುಗ್ಗಲಿಗೆ ಇದು ಮದ್ದು ಹೌದು. ಆದರೆ ಮುನ್ನೂರರಲ್ಲಿ ಎಷ್ಟು ಜನ ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಉಣುಗಿನ ಬಗ್ಗೆ ತಿಳಿದಿದ್ದಾರೆ ಎಂದು ಯಾವ ಬುಕಿಂಗೂ ಕೇಳುವುದಿಲ್ಲ.

ಹಳೆಯ ಯೂತ್ ಹಾಸ್ಟೆಲ್ಸ್ ಶಿಬಿರಗಳ ಶಿಸ್ತನ್ನು ನಗಾಡುವವರಿದ್ದಾರೆ: ತಟ್ಟೆ ತಾನೇ ತೊಳೆ, ಹೊತ್ತಿಗೆ ಮಲಗು, ಕುಡಿಯಬೇಡ, ಸೇದಬೇಡ. ಅಲ್ಲಿನ ಒಂದು ರೂಢಿ ಮಾತ್ರ ಈ ಕರಾವಳಿಗೆ ಹೇಳಿ ಮಾಡಿಸಿದ್ದು: ಬೆಂಕಿಯಿಲ್ಲದ ಕ್ಯಾಂಪ್‌ಫೈರ್. ಕಟ್ಟಿಗೆ ಸುಡದೆ ಸುತ್ತ ಕೂತು ಹಾಡುವುದು. ಈಗಿನ ‘ಬೀಚ್ ಕ್ಯಾಂಪಿಂಗ್’ ಬ್ಯಾಚುಗಳು ದೇವಬಾಗ, ಮಾಜಾಳಿ ಕಡೆ ಡಿಸೆಂಬರ್-ಜನವರಿಯಲ್ಲಿ ಬಯಸುವುದೇ ಬೆಂಕಿ, ಸ್ಪೀಕರ್, ಬಣ್ಣದ ದೀಪ. ಅದೇ ತಿಂಗಳುಗಳಲ್ಲಿ ಅದೇ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆಯವರು ಗೂಡು ಹುಡುಕಿ ಬೇಲಿ ಕಟ್ಟುತ್ತಾರೆ, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ದಂಡೆಯಲ್ಲಿ ಬೆಳಕು ಕಂಡರೆ ತಾಯಿ ಆಮೆ ಹಿಂದಿರುಗುತ್ತದೆ, ಮರಿ ದಿಕ್ಕು ತಪ್ಪುತ್ತದೆ. ಮರಿ ಬಿಡುವ ದಿನ ಫೋಟೋಕ್ಕೆ ಬರುವವರೂ ಡಿಸೆಂಬರಿನಲ್ಲಿ ಬೆಂಕಿ ಹಾಕುವವರೂ ಒಮ್ಮೊಮ್ಮೆ ಒಬ್ಬರೇ ಆಗಿರುವುದು ನಮ್ಮ ಕಾಲದ ತಮಾಷೆ.

ಅಂಕೋಲೆಯ ಕಡೆ ಬಂದರೆ ಲೆಕ್ಕ ಸ್ವಲ್ಪ ಬೇರೆ. ಅಚವೆ ದಾರಿಯ ಮಾಬಗಿ ಬಳಿಯ ವಿಭೂತಿ ಜಲಪಾತಕ್ಕೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಯಾಣ ನೋಡಿ, ವಿಭೂತಿಯಲ್ಲಿ ಮಿಂದು, ಗೋಕರ್ಣದಲ್ಲಿ ಸಂಜೆ ಎಂಬ ಒಂದೇ ದಿನದ ಓಟ ಅದು. ಚಾರಣ ಎನ್ನಲು ಮನಸ್ಸು ಬರುವುದಿಲ್ಲ, ಬಸ್ಸಿನಿಂದ ಇಳಿಯುವ ಹತ್ತುವ ಕಾರ್ಯಕ್ರಮ. ಅಂಕೋಲೆಯ ನಿಜವಾದ ನಡಿಗೆಗಳನ್ನು ಯಾರೂ ಪೋಸ್ಟರಿಗೆ ಹಾಕಿಲ್ಲ. 1930ರ ಏಪ್ರಿಲಿನಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿಯಲು ಜನಸಾಗರ ಹರಿದುಬಂದ ಊರು ಇದು. ಊರೊಳಗಿಂದ ಕಡಲ ಕಡೆಗೆ ಆ ನೆನಪಿನಲ್ಲೊಂದು ಬೆಳಗು ನಡೆಯಲು ಶೂ ಕೂಡ ಬೇಡ. ಹೊನ್ನೇಬೈಲು, ಬೇಳಂಬರ, ಮಂಜಗುಣಿ ಹಿಡಿದು ಗಂಗಾವಳಿಯ ಮುಖದ ತನಕ ಇನ್ನೊಂದು. ಶಿರೂರಿನ ಬಳಿ ಹೆದ್ದಾರಿಗೆಂದು ಕಡಿದ ಗುಡ್ಡ 2024ರ ಜುಲೈ 16ರಂದು ಜರಿದದ್ದೂ ಇದೇ ಗಂಗಾವಳಿಯ ದಡದಲ್ಲೇ. ಗುಡ್ಡ ಹೇಗೆ ನಿಲ್ಲುತ್ತದೆ, ಬುಡ ಕಡಿದರೆ ಏನಾಗುತ್ತದೆ ಎಂಬುದನ್ನು ಭೂವಿಜ್ಞಾನದ ಮಾಸ್ತರೊಬ್ಬರನ್ನು ಕರೆದುಕೊಂಡು ಹೋಗಿ ನೋಡುವ ಚಾರಣವನ್ನು ಯಾವ ಕ್ಲಬ್ಬಾದರೂ ಇಟ್ಟರೆ ನಾನು ಮೊದಲು ಹೆಸರು ಕೊಡುವವ.

ಕೇಣಿಯ ದಂಡೆಯನ್ನಂತೂ ತಡಮಾಡದೆ ನಡೆಯಬೇಕು. ಅಲ್ಲಿ ದೊಡ್ಡ ಬಂದರು ಬರಲಿದೆ ಎಂಬ ಯೋಜನೆಯ ವಿರುದ್ಧ 2025ರಲ್ಲಿ ಮೀನುಗಾರರು ಬೀದಿಗಿಳಿದರು. ಚಾರಣದವರು ಧರಣಿಗೆ ಕೂರಬೇಕೆಂದು ನಾನು ಹೇಳುವುದಿಲ್ಲ. ಗುಂಪಿನಲ್ಲಿ ಕೈಗಾದವರಿರುತ್ತಾರೆ, ಸರ್ಕಾರಿ ನೌಕರರಿರುತ್ತಾರೆ, ಬಂದರು ಬೇಕೆನ್ನುವವರೂ ಇರುತ್ತಾರೆ. ಆದರೆ ಕೇಣಿಯಲ್ಲಿ ದೋಣಿ ಎಲ್ಲಿ ಎಳೆಯುತ್ತಾರೆ, ರಂಪಣಿ ಬಲೆ ಬಿಡುವಾಗ ದಂಡೆಯ ಎಷ್ಟು ಉದ್ದ ಬೇಕಾಗುತ್ತದೆ, ಹೆಂಗಸರು ಮೀನು ಒಣಗಿಸುವ ಜಾಗ ಯಾವುದು ಎಂದು ಕಾಲಿನಿಂದ ಅಳೆದು ಬಂದ ನಲವತ್ತು ಜನ ಊರಲ್ಲಿದ್ದರೆ, ಪರಿಸರ ಅಹವಾಲು ಸಭೆಗಳಲ್ಲಿ ನಕ್ಷೆ ಬಿಡಿಸಿ ‘ಇಲ್ಲಿ ಏನೂ ಇಲ್ಲ’ ಎನ್ನುವವರಿಗೆ ಮಾತು ಅಷ್ಟು ಸಲೀಸಾಗುವುದಿಲ್ಲ.