ಬಾಲ, ಬಾತು ಮತ್ತು ವ-ಬ ನಿಯಮ

ತಮಿಳಿನ ವಾಯ್ ನಮ್ಮಲ್ಲಿ ಬಾಯ್, ವಿಲ್ ನಮ್ಮ ಬಿಲ್, ವೇರ್ ನಮ್ಮ ಬೇರ್. ಈ ನಿಯಮ ಕೈಗೆ ಸಿಕ್ಕಿತೋ, ವಾಲ್-ಬಾಲ, ವಾತ್ತು-ಬಾತು ಅಂತ ಜೋಡಿಸಿ ಎರಡೂ ಮೂಲದ್ರಾವಿಡ ಅಂದುಬಿಡುವುದು ಸುಲಭ. ನಾನಂತೂ ಒಪ್ಪಲಾರೆ.

ಬಾಲದ ಪಕ್ಕದಲ್ಲೇ ಸಂಸ್ಕೃತದ ‘ವಾಲ’ ಇದೆ. ಅದಕ್ಕೂ ಬಾಲ, ಬಾಲದ ಕೂದಲು ಎಂಬ ಅರ್ಥಗಳಿವೆ. ವರ್ಣ ಬಣ್ಣವಾದಂತೆ, ವಂಧ್ಯೆ ಬಂಜೆಯಾದಂತೆ ತದ್ಭವದಲ್ಲೂ ವಕಾರ ಬಕಾರವಾಗುತ್ತೆ. ಅಂದಮೇಲೆ ಬರೀ ಬಕಾರ ನೋಡಿ ಪದದ ಕುಲ ಹೇಳೋಕಾಗಲ್ಲ. ಬಾತಿನ ವಿಷಯದಲ್ಲಿ ಪಾರಸಿಯ ‘ಬತ್’, ಹಿಂದಿಯ ‘ಬತಖ್’ ಎರಡನ್ನೂ ಬದಿಗಿಟ್ಟು ತೀರ್ಪು ಕೊಡೋದು ಅವಸರವೇ ಸರಿ.

ಹಳಗನ್ನಡ ಕಾವ್ಯದಲ್ಲಿ ಹೆಸರಾದ ಬಾತು ಜಕ್ಕವಕ್ಕಿ, ಅಂದರೆ ಚಕ್ರವಾಕ. ಅದರ ‘ವಕ್ಕಿ’ ಬಂದದ್ದು ‘ಹಕ್ಕಿ’ಯಿಂದಲ್ಲ, ಹಳೆಯ ‘ಪಕ್ಕಿ’ಯಿಂದ, ಸಮಾಸದಲ್ಲಿ ಪಕಾರಕ್ಕೆ ವಕಾರ ಬಂದಿದೆ. ಇಲ್ಲಿ ಹಳಮೆಯ ಗುರುತು ಪದದೊಳಗೇ ಇದೆ. ಬಾತಿನಲ್ಲಿ ಅಂಥದ್ದೇನೂ ಕಾಣದು.

ತೇದಿಯಿಲ್ಲದ ಶಾಸನದ ಕಾಲವನ್ನು ಇಂಥ ಪದಗಳಿಂದ ಊಹಿಸುವವರು ಇಷ್ಟು ಗಮನಿಸಬೇಕು: ಸೋದರಭಾಷೆಯ ಜೋಡಿಪದ ಸಾಲದು, ಕಾಲ ಗೊತ್ತಿರುವ ಪ್ರಯೋಗವೂ ಬೇಕು.