ಸಸ್ಯಚಿತ್ರಣದ ಪಾಠಕ್ರಮ: ಒಂದು ವಿಚಾರ

ಗಿಡಮರಗಳನ್ನು ಯಥಾವತ್ತಾಗಿ ಚಿತ್ರಿಸುವ ಕಲೆಯನ್ನು ಕ್ರಮಬದ್ಧವಾದ ತರಗತಿಗಳ ಮೂಲಕ ಕಲಿಸುವ ಪದ್ಧತಿ ಈಚೆಗೆ ನಮ್ಮ ನಗರಗಳಲ್ಲಿಯೂ ಬೇರೂರುತ್ತಿದೆ. ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ ಈ ಒಂದು ವಿಷಯಕ್ಕೆಂದೇ ಡಿಪ್ಲೊಮಾ ಏರ್ಪಡಿಸಿರುವುದು ಬಲ್ಲವರಿಗೆ ತಿಳಿದೇ ಇದೆ. ಇಲ್ಲಿ ಕಲಿಯಲು ಬರುವವರು ಹೆಚ್ಚಾಗಿ ನೌಕರರು, ಗೃಹಿಣಿಯರು, ನಿವೃತ್ತರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ತರಗತಿಗಳಲ್ಲಿ ಕಲಿಸುವುದು ಗಿಡವನ್ನೋ ಚಿತ್ರವನ್ನೋ ಎಂಬ ಪ್ರಶ್ನೆಯನ್ನು ಎತ್ತದೆ ಸಂತೋಷಪಟ್ಟು ಸುಮ್ಮನಿರುವುದು ವಿಮರ್ಶೆಗೆ ತಕ್ಕುದಲ್ಲ.

ಪಾಠಕ್ರಮವು ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ. ಮೊದಲು ಪೆನ್ಸಿಲಿನ ಗೆರೆ. ಆಮೇಲೆ ಕೈವಾರ ಹಿಡಿದು ಎಲೆ ಹೂಗಳ ನಿಜವಾದ ಅಳತೆ. ಆ ಕರಡನ್ನು ನಯವಾದ ಜಲವರ್ಣದ ಕಾಗದಕ್ಕೆ ಇಳಿಸುವುದು. ಬೆಳಕು ಎಡಗಡೆಯ ಮೇಲಿನಿಂದ ಬೀಳುವುದೆಂದು ಭಾವಿಸಿ ನೆರಳು ಕೊಡುವುದು. ತೆಳುವಾದ ಬಣ್ಣವನ್ನು ಪದರಪದರವಾಗಿ ಹಚ್ಚುವುದು. ಕೊನೆಗೆ ತೇವವಾರಿದ ಕುಂಚದಿಂದ ನರಗಳನ್ನೂ ರೋಮಗಳನ್ನೂ ತೀಡುವುದು. ಹಸುರನ್ನು ಸಿದ್ಧಬಣ್ಣದಿಂದ ತೆಗೆದುಕೊಳ್ಳದೆ ಹಳದಿ ನೀಲಿಗಳನ್ನು ಬೆರೆಸಿ ತಾನೇ ಪಡೆಯಬೇಕೆಂಬ ನಿಯಮವೂ ಉಂಟು. ಇದರಲ್ಲಿ ಯಾವೊಂದು ಮೆಟ್ಟಿಲನ್ನೂ ನಾನು ಅಲ್ಲಗಳೆಯಲಾರೆ. ಹಂತಹಂತವಾಗಿ ಕಲಿಸುವುದರಿಂದ, ರೇಖೆಯನ್ನೇ ಎಳೆಯದ ಕೈಗೂ ಆರೇಳು ತಿಂಗಳಲ್ಲಿ ಒಂದು ಧೈರ್ಯ ಬರುವುದುಂಟು. ಆಕ್ಷೇಪವಿರುವುದು ಬೇರೆ ಕಡೆ. ಈ ಮೆಟ್ಟಿಲುಗಳೆಲ್ಲವೂ ಕೈಗೆ ಸಂಬಂಧಿಸಿದವು; ಕಣ್ಣಿಗೆ ಕೊಡಬೇಕಾದ ಪಾಠ ಇವುಗಳಿಗಿಂತ ಹಿಂದೆಯೇ ಆಗಿರಬೇಕು, ಆದರೆ ಅನೇಕ ತರಗತಿಗಳಲ್ಲಿ ಅದು ಆಗುವುದೇ ಇಲ್ಲ.

ನಮ್ಮ ಅಂಗಳದ ದಾಸವಾಳವನ್ನೇ ತೆಗೆದುಕೊಳ್ಳೋಣ. ಅದರ ಐದು ದಳಗಳು ಸುಮ್ಮನೆ ಪಕ್ಕಪಕ್ಕದಲ್ಲಿ ನಿಂತವಲ್ಲ. ಒಂದೊಂದೂ ತನ್ನ ಒಂದು ಅಂಚಿನಿಂದ ಪಕ್ಕದ ದಳವನ್ನು ಮುಚ್ಚಿ, ಇನ್ನೊಂದು ಅಂಚನ್ನು ಮತ್ತೊಂದರ ಅಡಿಗೆ ಕೊಟ್ಟು ಸುತ್ತಿಕೊಂಡಿರುತ್ತದೆ. ಕೇಸರಗಳು ಬಿಡಿಬಿಡಿಯಾಗಿರದೆ ಕೊಳವೆಯಾಗಿ ಕೂಡಿಕೊಂಡು ಶಲಾಕೆಯನ್ನು ಸುತ್ತುವರಿದಿವೆ. ಆ ಕೊಳವೆಯನ್ನು ದಾಟಿ ಐದು ಶಲಾಕಾಗ್ರಗಳು ಹೊರಗೆ ಕಾಣುತ್ತವೆ. ಪುಷ್ಪಪಾತ್ರೆಯ ಕೆಳಗೆ ಸಣ್ಣ ಎಸಳುಗಳ ಇನ್ನೊಂದು ಸುತ್ತು ಇದೆ. ಎಲೆಗಳು ಕಾಂಡದ ಮೇಲೆ ಒಂದಾದ ಮೇಲೊಂದರಂತೆ ಬರುತ್ತವೆ, ಎದುರುಬದುರಾಗಿ ಅಲ್ಲ. ಇಷ್ಟನ್ನು ಬಲ್ಲವನು ಬರೆದ ಒರಟು ಪೆನ್ಸಿಲ್ ಚಿತ್ರವೂ ದಾಸವಾಳವೇ. ಬಲ್ಲದವನು ಕೆಂಪನ್ನು ಎಷ್ಟು ಪದರ ಹಚ್ಚಿದರೂ ಅದು ಕೆಂಪು ಬಣ್ಣದ ಒಂದು ಹೂವಾದೀತು, ಅಷ್ಟೆ. ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡು ಬರೆಯುವ ಅಭ್ಯಾಸದಿಂದ ಈ ದೋಷ ಹೆಚ್ಚಾಗಿದೆ. ತಮಿಳುನಾಡು ತನ್ನ ರಾಜ್ಯಪುಷ್ಪವೆಂದು ಮನ್ನಿಸಿರುವ ಅಗ್ನಿಶಿಖೆಯ ಶಲಾಕೆ ಬುಡದಲ್ಲಿಯೇ ಪಕ್ಕಕ್ಕೆ ಬಾಗಿರುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಜ್ವಾಲೆಯಂತಹ ದಳಗಳ ಮೇಲೆ ಮಾತ್ರ ಕಣ್ಣಿಟ್ಟ ಛಾಯಾಚಿತ್ರದಲ್ಲಿ ಈ ಎರಡೂ ತಪ್ಪಿಹೋಗಿರುತ್ತವೆ. ನಕಲಿನಲ್ಲಿ ಅವು ಎಲ್ಲಿಂದ ಬಂದಾವು? ಹೂವನ್ನು ಎದುರಿಗಿಟ್ಟವನಿಗಾದರೋ ಬೇರೆ ತೊಂದರೆ: ಅದು ಸಂಜೆಯೊಳಗೆ ಬಾಡುತ್ತದೆ. ಆದುದರಿಂದ ಹೂವು ಮೊದಲು, ಎಲೆ ಆಮೇಲೆ ಎಂಬ ಆತುರದ ಕ್ರಮವನ್ನು ಅವನು ತಾನಾಗಿಯೇ ಕಲಿಯುತ್ತಾನೆ.

ಈ ಪ್ರಶ್ನೆ ಹೊಸದಲ್ಲವೆಂಬುದಕ್ಕೆ ನಾವಿರುವ ಮದರಾಸಿನ ಚರಿತ್ರೆಯೇ ಸಾಕ್ಷಿ. ಕಂಪನಿ ಸರ್ಕಾರದ ಶಸ್ತ್ರವೈದ್ಯ ರಾಬರ್ಟ್ ವೈಟ್ 1838ರಿಂದ 1853ರವರೆಗೆ ಹೊರಡಿಸಿದ ಐಕೋನ್ಸ್ ಎಂಬ ಸಂಪುಟಗಳಲ್ಲಿ 2101 ಫಲಕಗಳಿವೆ. ಅವುಗಳಲ್ಲಿ ಬಣ್ಣವಿಲ್ಲ, ಬರಿಯ ಗೆರೆ, ಪಕ್ಕದಲ್ಲಿ ಸೀಳಿ ಬಿಡಿಸಿದ ಹೂವಿನ ಅಂಗಗಳು. ಫಲಕಗಳ ಅಂಚಿನಲ್ಲಿ ರಂಗಯ್ಯ, ಗೋವಿಂದು ಎಂಬ ದೇಶೀಯ ಚಿತ್ರಕಾರರ ಹೆಸರುಗಳು ಕಾಣಸಿಗುತ್ತವೆ. ಇವರು ಯಾವ ಕಲಾಶಾಲೆಯಲ್ಲೂ ಪಾಠ ಹೇಳಿಸಿಕೊಂಡವರಲ್ಲ. ಆಗ ಮದರಾಸಿನಲ್ಲಿ ಅಂಥ ಶಾಲೆಯೇ ಇರಲಿಲ್ಲ. ವೈಟ್ ಒಂದು ಸೀತಾಳೆ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟನು. ಮುಂದಿನವರು ಆ ಕುಲವನ್ನು ಬೇರೊಂದರಲ್ಲಿ ಸೇರಿಸಿದ್ದರಿಂದ ಆ ಹೆಸರು ಈಗ ಬಳಕೆಯಲ್ಲಿ ಉಳಿದಿಲ್ಲವೆಂಬುದು ವಿಷಾದದ ಮಾತು.

ಕಲಾಶಾಲೆಯನ್ನು ಅಲೆಗ್ಸಾಂಡರ್ ಹಂಟರ್ ಎಂಬ ಇನ್ನೊಬ್ಬ ವೈದ್ಯ 1850ರಲ್ಲಿ ತೆರೆದನು. ಇಂದಿನ ಸರ್ಕಾರಿ ಲಲಿತಕಲಾ ಕಾಲೇಜು ಅದರ ಮುಂದುವರಿಕೆ. ಈ ಶಾಲೆಯ ವಿದ್ಯಾರ್ಥಿಗಳಿಂದ ಹ್ಯೂ ಕ್ಲೆಗ್‌ಹಾರ್ನ್ ಸಸ್ಯಚಿತ್ರಗಳನ್ನು ಮಾಡಿಸಿದನು. ಅವುಗಳಲ್ಲಿ ಯೂರೋಪಿನ ಅಚ್ಚಾದ ಗ್ರಂಥಗಳಿಂದ ತೆಗೆದ ನಕಲುಗಳೂ ಇವೆ. ನಕಲು ಮಾಡುವುದರಿಂದ ಕೈ ಪಳಗುತ್ತದೆಂಬುದು ಅಂದಿನ ನಂಬಿಕೆ, ಇಂದಿನದೂ ಹೌದು. ಆದರೆ ಇದೇ ಕ್ಲೆಗ್‌ಹಾರ್ನ್ ಅದಕ್ಕೆ ಕೆಲವು ವರ್ಷ ಮೊದಲು, 1840ರ ದಶಕದ ನಡುವೆ, ನಮ್ಮ ಶಿವಮೊಗ್ಗದಲ್ಲಿ ವೈದ್ಯನಾಗಿದ್ದಾಗ ಮಾಡಿಸಿದ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದಿನಕ್ಕೊಂದು ಗಿಡ: ಅದನ್ನು ತಾನು ಪರೀಕ್ಷಿಸುವುದು, ಒಬ್ಬ ಮರಾಠ ಚಿತ್ರಕಾರನಿಂದ ಬರೆಯಿಸುವುದು. ಇಲ್ಲಿ ಗುರುವೂ ಇಲ್ಲ, ಪಾಠಪಟ್ಟಿಯೂ ಇಲ್ಲ. ಆದರೆ ಪ್ರತಿದಿನವೂ ಹೊಸದೊಂದು ಗಿಡ, ಅದರ ಮುಂದೆ ಇಬ್ಬರ ಕಣ್ಣುಗಳು. ನನ್ನ ಮಟ್ಟಿಗೆ ನಮ್ಮ ನಾಡಿನಲ್ಲಿ ನಡೆದ ಅತ್ಯುತ್ತಮ ಸಸ್ಯಚಿತ್ರಣದ ತರಗತಿ ಇದೇ. ಚಿತ್ರಗಳು ಎಡಿನ್‌ಬರೋದಲ್ಲಿ ಭದ್ರವಾಗಿವೆ. ಚಿತ್ರಕಾರನ ಹೆಸರು ಮಾತ್ರ ಉಳಿದಿಲ್ಲ. ಬ್ಯಾಂಕಿನಲ್ಲಿ ಸಹಿಯಿಲ್ಲದ ಚೀಟಿಗೆ ಬೆಲೆಯಿಲ್ಲವೆಂದು ದಿನವೂ ಹೇಳುವ ನನಗೆ, ಸಹಿಯೇ ಇಲ್ಲದ ಈ ಹಾಳೆಗಳಿಗೆ ಇಷ್ಟು ಬೆಲೆಯಿರುವುದು ಸೋಜಿಗವಾಗುತ್ತದೆ.

ಅಂದು ಜ್ಞಾನವು ವೈದ್ಯನದು, ಕೈ ಚಿತ್ರಕಾರನದು ಎಂಬ ವಿಭಾಗವಿತ್ತು. ಆ ವಿಭಾಗವನ್ನು ಅಳಿಸುವುದಕ್ಕೆ ಇಂದಿನ ತರಗತಿಗೆ ಅವಕಾಶವಿದೆ; ವಿದ್ಯಾರ್ಥಿಯೇ ಹೂವನ್ನು ಸೀಳಿ, ಮಸೂರದ ಕೆಳಗಿಟ್ಟು, ಎಣಿಸಿ ಬರೆಯಬಲ್ಲ. ಹಾಗೆ ಒಬ್ಬರಲ್ಲಿಯೇ ಎರಡೂ ಕೂಡಿದ್ದಕ್ಕೆ ಕನ್ನಡಿಗರು ದೂರ ಹೋಗಿ ನಿದರ್ಶನ ಹುಡುಕಬೇಕಾಗಿಲ್ಲ. ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಬಿ.ಜಿ.ಎಲ್. ಸ್ವಾಮಿಯವರು 1976ರಲ್ಲಿ ಪ್ರಕಟವಾದ ‘ಹಸುರು ಹೊನ್ನು’ ಗ್ರಂಥಕ್ಕೆ ಚಿತ್ರಗಳನ್ನು ತಾವೇ ಬರೆದರು. ಆ ಗ್ರಂಥದ ಹಾಸ್ಯವನ್ನು ಹೊಗಳಿದವರು ಬಹಳ, ರೇಖೆಗಳನ್ನು ಹೊಗಳಿದವರು ವಿರಳ. ಅಲ್ಲಿ ಬಣ್ಣದ ಆಡಂಬರವಿಲ್ಲ. ಗಿಡವನ್ನು ಗುರುತಿಸಲು ಬೇಕಾದ ಗೆರೆ ಇದೆ, ಬೇಡವಾದುದನ್ನು ಬಿಟ್ಟಿದ್ದಾರೆ. ಯಾವುದನ್ನು ಬಿಡಬೇಕೆಂಬುದು ತಿಳಿಯಬೇಕಾದರೆ ಗಿಡವನ್ನು ಬಲ್ಲವನಾಗಬೇಕು. ಕುಂಚದ ಪಾಠದಿಂದ ಅದು ಬಾರದು.

ನಾವು ಇಷ್ಟೆಲ್ಲ ಶಾಸ್ತ್ರವನ್ನು ಹೇರಿದರೆ ಬಿಡುವಿನ ವೇಳೆಯಲ್ಲಿ ಮನಸ್ಸಿನ ನೆಮ್ಮದಿಗಾಗಿ ಬಂದವರು ಓಡಿಹೋಗುವರೆಂದು ಹೇಳುವವರಿದ್ದಾರೆ. ನೆಮ್ಮದಿಗೆ ಹೂವಿನ ಚಿತ್ರ ಬರೆಯುವುದು ತಪ್ಪೇನೂ ಅಲ್ಲ. ಹಾಗಿದ್ದರೆ ಅದನ್ನು ಹೂವಿನ ಚಿತ್ರವೆಂದೇ ಕರೆಯಲಿ. ಸಸ್ಯಚಿತ್ರಣವೆಂಬ ಹೆಸರಿಟ್ಟು, ಪ್ರಮಾಣಪತ್ರ ಕೊಟ್ಟು, ಕೇಸರ ಎಷ್ಟೆಂದು ಕೇಳದೆ ಕಳುಹಿಸುವುದು ಸರಿಯಲ್ಲ. ವಿದ್ಯಾರ್ಥಿಯು ಮುಗಿಸಿದ ಪ್ರತಿ ಚಿತ್ರದೊಡನೆ, ಸೀಳಿದ ಹೂವಿನ ಒಂದು ಪೆನ್ಸಿಲ್ ಹಾಳೆಯನ್ನೂ ಕೊಡಬೇಕು, ಅಂಗಗಳ ಹೆಸರನ್ನು ತನ್ನ ಭಾಷೆಯಲ್ಲಿ ಬರೆದಿರಬೇಕು ಎಂದು ನಿಯಮ ಮಾಡಿದರೆ ಸಾಕು. ಪುಷ್ಪಪತ್ರ, ದಳ, ಕೇಸರ, ಪರಾಗಕೋಶ, ಶಲಾಕೆ, ಅಂಡಾಶಯ: ಈ ಪದಗಳು ಕನ್ನಡ ಶಾಲೆಯ ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ಇವೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಇವನ್ನು ಕೇಳಿರಲಾರರು. ನಮ್ಮ ಸಂಘಗಳಲ್ಲಿ ರಜೆಯ ದಿನಗಳಂದು ನಡೆಸುವ ಚಿತ್ರಕಲೆಯ ತರಗತಿಗೆ ಒಂದು ದಾಸವಾಳ, ಒಂದು ಮಸೂರ, ಒಂದು ಬ್ಲೇಡನ್ನು ಒದಗಿಸುವುದು ದೊಡ್ಡ ಖರ್ಚಿನ ಬಾಬತ್ತಲ್ಲ.