ಇನ್ನೊಂದು ಐವತ್ತಡಿ

2023ರ ಗೌರಿ-ಗಣೇಶ ಹಬ್ಬಕ್ಕೆ ಕವಲಂದೆಗೆ ಹೊರಟಾಗ ಬ್ಯಾಗಿಗೆ ಬಟ್ಟೆಗಿಂತ ಮುಂಚೆ ಲ್ಯಾಪ್‌ಟಾಪ್ ಹಾಕಿದ್ದೆ. ಸ್ಟಾರ್‌ಫೀಲ್ಡ್ ಬಂದು ಹನ್ನೆರಡು ದಿನ ಆಗಿತ್ತು, ನಾನು 31 ಗಂಟೆ ಆಡಿ ಆಗಿತ್ತು. ಜಗುಲಿ ಮೇಲೆ ಕೂತು ಯಾವುದೋ ಬರಡು ಗ್ರಹದಲ್ಲಿ ಓಡ್ತಾ ಇದ್ದೆ. ಅಪ್ಪ ಹಿಂದೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು.

“ಏನ್ಲಾ ಮಗ, ಆಗ್ಲಿಂದ ಓಡ್ತಾನೇ ಇದ್ದೀಯೆ. ಚೆನ್ನಾಗಿದ್ದದಾ?”

“ಇಲ್ಲ ಕನಪ್ಪ.”

“ಮತ್ಯಾಕೆ ಆಡೀಯೆ?”

“ಮೂವತ್ತು ಗಂಟೆ ಆಡ್ಬುಟ್ಟಿದ್ದೀನಿ. ಇನ್ನೊಂಚೂರು ಮುಂದಕ್ಕೆ ಹೋದ್ರೆ ಚೆನ್ನಾಗಾಯ್ತದಂತೆ.”

ಅಪ್ಪ ನಕ್ಕುಬಿಟ್ಟರು. “ಬೋರ್ ಲಾರಿಯವನ ಮಾತು ಕನ ಇದು.”

ಈ ಮಾತು ಅವರ ಬಾಯಲ್ಲಿ ಸುಮ್ಮನೆ ಬರಲ್ಲ. ನಾನು ಪಿಯುಸಿಯಲ್ಲಿದ್ದಾಗ ನಮ್ಮ ಹೊಲದಲ್ಲಿ ಬೋರ್ ಕೊರೆಸಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಓಡಾಡಿ ಒಬ್ಬರು ಪಾಯಿಂಟ್ ಮಾಡಿಕೊಟ್ಟರು, 300 ಅಡಿಗೆ ನೀರು ಅಂದರು. ಮುನ್ನೂರಾಯ್ತು, ನೀರಿಲ್ಲ. “ಇನ್ನೊಂದು ಐವತ್ತಡಿ ನೋಡುವ ಸ್ವಾಮಿ” ಅಂದ ಲಾರಿಯವನು. ಇಷ್ಟು ದುಡ್ಡು ಸುರಿದಿದ್ದೀವಲ್ಲ ಅಂತ ಅಪ್ಪ ಹೂಂ ಅಂದರು. ಹಂಗೇ ಐವತ್ತೈವತ್ತು ಸೇರಿಸ್ಕೊಂಡು 540ಕ್ಕೆ ಹೋಯ್ತು. ಮೇಲಕ್ಕೆ ಬಂದದ್ದು ಪೂರ್ತಿ ಬಿಳಿ ಧೂಳು. ನನ್ನ ಬಿಇ ಸೀಟಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಆ ತೂತಿನೊಳಗೆ ಹೋಯ್ತು. ಅವ್ವನ ಸರ ಗಿರವಿ ಅಂಗಡಿಗೆ ಹೋಯ್ತು. ಆಗ ನಮ್ಮ ದೊಡ್ಡಪ್ಪ ಒಂದು ಮಾತು ಹೇಳಿದ್ದರು: ಅಡಿ ಎಣಿಸಬೇಡ, ಮೇಲಕ್ಕೆ ಬರೋ ಪುಡಿಯನ್ನ ಬೆರಳಲ್ಲಿ ಉಜ್ಜಿ ನೋಡು, ತೇವ ಅದಾ ಇಲ್ವಾ ಅಂತ.

ರೋಲ್ ಪ್ಲೇಯಿಂಗ್ ಗೇಮ್ ಆಡೋ ನಾವೆಲ್ಲ ಅಡಿ ಎಣಿಸೋರು. “ಮೊದಲ ಹತ್ತು ಗಂಟೆ ತಡ್ಕೋ, ಆಮೇಲೆ ನೋಡು” ಅಂತ ಆಫೀಸಲ್ಲಿ ಕನಿಷ್ಠ ಮೂರು ಜನ ನನಗೆ ಹೇಳಿದ್ದರು. ಪೂರ್ತಿ ಕೆಟ್ಟ ಗೇಮ್ ಆದರೆ ಒಂದು ಗಂಟೆಯಲ್ಲಿ ಅನ್‌ಇನ್‌ಸ್ಟಾಲ್ ಮಾಡಿ ಮಲಗ್ತೀವಿ, ಅದರಿಂದ ನಷ್ಟ ಇಲ್ಲ. ನಿರಾಸೆ ಮಾಡೋ ಗೇಮ್ ಹಂಗಲ್ಲ, ಅದು ನಮ್ಮನ್ನ ಬಿಡಲ್ಲ. ನಾನು ಗೇಮ್ ಪಾಸ್‌ನಲ್ಲಿ ಆಡ್ತಿದ್ದೆ, ಬೇರೆ ದುಡ್ಡು ಕೊಟ್ಟಿರಲಿಲ್ಲ. ಅದು ಇನ್ನೂ ಕೆಟ್ಟದ್ದು. ಬೋರ್ ಲಾರಿಯಾದರೂ ಅಡಿಗೆ ಇಷ್ಟು ಅಂತ ಬಿಲ್ ಕೊಡುತ್ತೆ. ಇಲ್ಲಿ ತಿಂಗಳಿಗೊಂದು ಸಲ ಊರಿಗೆ ಬಂದು ಅಪ್ಪನ ಜೊತೆ ಕೂರೋ ಎರಡು ದಿನ ಹೋಗ್ತಾ ಇತ್ತು, ಅದಕ್ಕೆ ಬಿಲ್ ಇಲ್ಲ.

ಈಗ ಗೇಮಿನ ಪುಡಿಯನ್ನ ಉಜ್ಜಿ ನೋಡೋಣ.

ಗೇಮ್ ಬರೋಕೆ ಎರಡು ವಾರ ಮುಂಚೆ, ಆಗಸ್ಟ್ 23ರ ಸಂಜೆ, ಚಂದ್ರಯಾನ-3ರ ವಿಕ್ರಮ್ ಇಳೀತು. ಬೆಂಗಳೂರಿನ ಪೀಣ್ಯದ ಇಸ್ಟ್ರಾಕ್‌ನಿಂದ ನೇರ ಪ್ರಸಾರ. ನಮ್ಮ ಇಡೀ ಟೀಮು ಕೆಲಸ ಬಿಟ್ಟು, ವೇಗ ಇಳೀತಿರೋ ಅಂಕಿಗಳನ್ನ ಉಸಿರು ಹಿಡಿದು ನೋಡ್ತಾ ಇತ್ತು. ಚಿತ್ರ ಇರಲಿಲ್ಲ ಅನ್ನಬಹುದು, ಬರೀ ಗ್ರಾಫು, ನಂಬರು. ಆದರೂ ಕೈ ಬೆವರ್ತಿತ್ತು. ಅದೇ ಗುಂಗಲ್ಲಿ ಸ್ಟಾರ್‌ಫೀಲ್ಡ್‌ನಲ್ಲಿ ನಾನೂ ಚಂದ್ರನ ಮೇಲೆ ಇಳಿಯೋಕೆ ಹೋದೆ. ನಕ್ಷೆ ತೆಗೆ, ಜಾಗ ಆರಿಸು, ಬಟನ್ ಒತ್ತು. ಒಂದು ಸಣ್ಣ ವಿಡಿಯೋ ಓಡುತ್ತೆ, ಇಳಿದಾಯ್ತು. ಅಂತರಿಕ್ಷದ ಗೇಮಲ್ಲಿ ಇಳಿಯೋ ಕೆಲಸವೇ ನಮ್ಮ ಕೈಯಲ್ಲಿಲ್ಲ.

ಹೋಗೋದೂ ಹಂಗೇ. ಮೈಸೂರಿಂದ ಚಾಮರಾಜನಗರದ ಪ್ಯಾಸೆಂಜರ್ ಹತ್ತಿದರೆ ಕವಲಂದೆ ಬರೋ ಹೊತ್ತಿಗೆ ನಂಜನಗೂಡು, ನರಸಾಂಬುಧಿ ಅಂತ ನಿಲ್ತಾ ನಿಲ್ತಾ ಅರ್ಧ ಊರಿನ ಸುದ್ದಿ ಕಿವಿಗೆ ಬಿದ್ದಿರುತ್ತೆ. ಇದೇ ಬೆಥೆಸ್ಡಾದವರು 2011ರಲ್ಲಿ ಮಾಡಿದ ಸ್ಕೈರಿಮ್‌ನಲ್ಲಿ ರಿವರ್‌ವುಡ್‌ನಿಂದ ವೈಟ್‌ರನ್‌ಗೆ ನಡ್ಕೊಂಡು ಹೋದರೆ, ಊರು ಹತ್ತಿರ ಬರೋವಾಗ ಹೊಲದಲ್ಲಿ ಮೂರ್ನಾಲ್ಕು ಜನ ಒಬ್ಬ ದೈತ್ಯನ ಜೊತೆ ಹೊಡೆದಾಡ್ತಿರ್ತಾರೆ. ಯಾರೂ ಹೇಳಿರಲ್ಲ, ದಾರೀಲಿ ಸಿಕ್ಕಿದ್ದು. ಸ್ಟಾರ್‌ಫೀಲ್ಡ್‌ನಲ್ಲಿ ಸಾವಿರಕ್ಕೂ ಹೆಚ್ಚು ಗ್ರಹ ಇವೆ, ದಾರಿ ಇಲ್ಲ. ಮೆನುವಿನಿಂದ ಮೆನುವಿಗೆ ಪ್ರಯಾಣ. ಇಳಿದಲ್ಲಿ ಒಂದು ಪಾಳು ಲ್ಯಾಬು. ಮುಂದಿನ ಗ್ರಹದಲ್ಲೂ ಅದೇ ಲ್ಯಾಬು, ಅದೇ ಮೂಲೇಲಿ ಅದೇ ಹೆಣ, ಮೇಜಿನ ಮೇಲೆ ಅದೇ ಚೀಟಿ.

ಗ್ರಹಗಳು ಖಾಲಿ ಅಂತ ಸ್ಟೀಮ್‌ನಲ್ಲಿ ಜನ ಬೈದಾಗ, ಚಂದ್ರನ ಮೇಲೆ ಹೋದೋರಿಗೂ ಅಲ್ಲಿ ಏನೂ ಸಿಗಲಿಲ್ಲ, ಅವರಿಗೇನು ಬೇಜಾರಾಗಿತ್ತಾ ಅನ್ನೋ ಅರ್ಥದ ಉತ್ತರ ಬೆಥೆಸ್ಡಾ ಕಡೆಯಿಂದ ಬಂತು. ಚೆನ್ನಾಗಿದೆ ವಾದ. ಆದರೆ ಅಪೊಲೊ 11ರವರು ಚಂದ್ರನ ನೆಲದಲ್ಲಿ ಓಡಾಡಿದ್ದು ಎರಡೂವರೆ ಗಂಟೆ ಅಷ್ಟೇ, ಅದೂ ವಾಪಸ್ ಬರ್ತೀವೋ ಇಲ್ವೋ ಗೊತ್ತಿಲ್ಲದೆ. ನಾನು ಮೂವತ್ತು ಗಂಟೆ ಚಿಪ್ಸ್ ತಿನ್ಕೊಂಡು ಓಡಿದ್ದೀನಿ.

ತೇವ ಇರಲೇ ಇಲ್ವಾ ಅಂದರೆ, ಇತ್ತು. ಎಂಟ್ಯಾಂಗಲ್ಡ್ ಅಂತ ಒಂದು ಮಿಷನ್ ಇದೆ. ಒಂದೇ ಲ್ಯಾಬು, ಎರಡು ಜಗತ್ತು. ಒಂದರಲ್ಲಿ ಎಲ್ಲ ನೆಟ್ಟಗಿದೆ, ಒಬ್ಬ ಮಾತ್ರ ಸತ್ತಿದ್ದಾನೆ. ಇನ್ನೊಂದರಲ್ಲಿ ಎಲ್ಲ ಸುಟ್ಟಿದೆ, ಅವನೊಬ್ಬನೇ ಬದುಕಿದ್ದಾನೆ. ಬಾಗಿಲಿಂದ ಬಾಗಿಲಿಗೆ ಜಗತ್ತು ಬದಲಾಗ್ತಾ ಹೋಗುತ್ತೆ, ಯಾರನ್ನ ಉಳಿಸ್ತೀಯ ಅಂತ ಕೊನೇಲಿ ನಮ್ಮ ಕೊರಳಿಗೆ ಬರುತ್ತೆ. ಅದನ್ನ ಮುಗಿಸಿದ ರಾತ್ರಿ ನಿದ್ದೆ ಬರಲಿಲ್ಲ. ಆ ಒಂದು ಹನಿ ನಂಬಿ ಇನ್ನೂ ಕೊರೆದೆ. ಮುಂದೆ ಸಿಕ್ಕಿದ್ದು ಮತ್ತೆ ದೇಗುಲಗಳು. ತೇಲ್ತಾ ಬೆಳಕಿನ ಚುಕ್ಕಿ ಹಿಡಿ, ಒಂದು ಶಕ್ತಿ ತಗೋ. ಇಂಥ 24 ಶಕ್ತಿಗಳಿವೆ, ಪ್ರತಿಯೊಂದಕ್ಕೂ ಅದೇ ಚುಕ್ಕಿ ಆಟ. ದೊಡ್ಡಪ್ಪನ ಲೆಕ್ಕದಲ್ಲಿ ಇದು ಮೇಲುಮಟ್ಟದ ಒಸರು, ಸೆಲೆ ಅಲ್ಲ.

ಸೈಬರ್‌ಪಂಕ್ 2077ರ ಕತೆ ಬೇರೆ. 2020ರ ಡಿಸೆಂಬರ್‌ನಲ್ಲಿ ಬಂದಾಗ ಅದರ ಸ್ಥಿತಿ ಎಷ್ಟು ಹದಗೆಟ್ಟಿತ್ತಂದರೆ ಸೋನಿಯವರು ಒಂದೇ ವಾರದಲ್ಲಿ ತಮ್ಮ ಸ್ಟೋರ್‌ನಿಂದ ತೆಗೆದುಹಾಕಿದರು. ನಾನೂ ಆಗ ಬೈದು ನಿಲ್ಲಿಸಿದ್ದೆ. ಆದರೆ ಕಾರುಗಳು ಗಾಳೀಲಿ ತೇಲ್ತಿದ್ದಾಗಲೂ ಜಾಕಿ ಕೂತು ಮಾತಾಡಿದರೆ ಅವನೊಬ್ಬ ಮನುಷ್ಯ ಅನ್ನಿಸ್ತಿತ್ತು. ನೀರಿತ್ತು, ಮೋಟರು ಕೆಟ್ಟಿತ್ತು. ಮೋಟರು ರಿಪೇರಿ ಆಗುತ್ತೆ. ಕವಲಂದೆಯಲ್ಲಿ ನಾನು ಹಬ್ಬ ಮಾಡ್ತಿದ್ದ ವಾರವೇ, ಸೆಪ್ಟೆಂಬರ್ 21ಕ್ಕೆ, ಅದರ 2.0 ಅಪ್‌ಡೇಟ್ ಬಂತು.

ಅದಕ್ಕೇ ಕೇಳೋರಿಗೆ ನಾನು ಹೇಳೋದು: ಸ್ಟಾರ್‌ಫೀಲ್ಡ್‌ನಲ್ಲಿ ವ್ಯಾನ್‌ಗಾರ್ಡ್ ಕತೆ ಹಿಡಿದು ಕೊನೇವರೆಗೂ ಆಡಿ, ಅದು ನಿಜವಾಗ್ಲೂ ಚೆನ್ನಾಗಿದೆ. ಹಡಗು ಕಟ್ಟೋ ಚಟ ಇದ್ದರೆ ಒಂದು ವಾರಾಂತ್ಯ ಕೊಡಿ. ದೇಗುಲ ಮುಟ್ಟಬೇಡಿ. ಬೇಸರ ಬಂದ ದಿನ ಮುಖ್ಯ ಕತೆ ಮುಗಿದಿಲ್ಲ ಅಂತ ಕೂರಬೇಡಿ. ನಾನು ಅವತ್ತು ಲ್ಯಾಪ್‌ಟಾಪ್ ಮುಚ್ಚಿ ಅಪ್ಪನ ಜೊತೆ ಹೊಲದ ಕಡೆ ಹೋದೆ. ಬೆಂಗಳೂರಿಗೆ ಬಂದು ವ್ಯಾನ್‌ಗಾರ್ಡ್ ಮುಗಿಸಿ ಅಳಿಸಿದೆ. 125 ಜಿಬಿ ಖಾಲಿಯಾಯ್ತು, ಆ ಜಾಗಕ್ಕೆ ಸೈಬರ್‌ಪಂಕ್ ಬಂತು.

2024ರ ಆಗಸ್ಟ್‌ನಲ್ಲಿ ಸ್ಟಾರ್‌ಫೀಲ್ಡ್‌ಗೆ ನೆಲದ ಮೇಲೆ ಓಡಿಸೋ ಗಾಡಿ ಬಿಟ್ಟರು. ಆಸೆ ನೋಡಿ, ಮತ್ತೆ ಇಳಿಸ್ಕೊಂಡೆ. ಗಾಡಿ ಚೆನ್ನಾಗಿದೆ, ಜಂಪ್ ಹೊಡೆಯುತ್ತೆ. ಮೊದಲು ಹತ್ತು ನಿಮಿಷ ಓಡಿ ಸೇರ್ತಿದ್ದ ಲ್ಯಾಬನ್ನ ಎರಡು ನಿಮಿಷದಲ್ಲಿ ಸೇರಿದೆ. ಒಳಗೆ ಹೋದೆ. ಮೇಜಿನ ಮೇಲೆ ಅದೇ ಚೀಟಿ ಇತ್ತು.